ವರ್ಣವಿವೇಕ

ಒಳ್ಳೆಯದು ಕೆಟ್ಟದ್ದುಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕಾದಾಗ ಮನುಷ್ಯನಿಗೆ ಸಹಾಯಕರು ಅನೇಕರುಂಟು. ಶಾಸ್ತ್ರವುಂಟು, ಹಿರಿಯರ ಮಾತುಂಟು, ಲೋಕಾಪವಾದದ ಅಂಜಿಕೆಯುಂಟು. ಇವು ಯಾವುವೂ ಇಲ್ಲದಿದ್ದರೂ ಅಂತಃಕರಣವೆಂಬುದೊಂದುಂಟು. ಕಠೋಪನಿಷತ್ತು ಶ್ರೇಯಸ್ಸು, ಪ್ರೇಯಸ್ಸು ಎಂಬ ಎರಡನ್ನು ಮನುಷ್ಯನ ಮುಂದಿಟ್ಟು, ವಿವೇಕಿಯಾದವನು ಅವನ್ನು ಬೇರ್ಪಡಿಸಿ ನೋಡಿ ಶ್ರೇಯಸ್ಸನ್ನೇ ವರಿಸುವನೆಂದು ಬೋಧಿಸುತ್ತದೆ. ಆದರೆ ಮುಂದಿರುವ ಎರಡೂ ಪ್ರೇಯಸ್ಸೇ ಆಗಿ, ಎರಡೂ ನಿರ್ದೋಷವಾಗಿ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೇ ಅಂತರವಿದ್ದಾಗ ಮಾಡತಕ್ಕದ್ದೇನು? ಇಲ್ಲಿ ಶಾಸ್ತ್ರವು ಮೌನವಾಗಿರುವುದು. ಹಿರಿಯರು ನಕ್ಕು ಸುಮ್ಮನಾಗುವರು. ಅಂತಃಕರಣಕ್ಕೆ ಎಚ್ಚರವೇ ಆಗದು. ದೊಡ್ಡ ಧರ್ಮಸಂಕಟದಲ್ಲಿ ಒಂದು ರಾತ್ರಿಯೊಳಗೆ ನಿಶ್ಚಯಕ್ಕೆ ಬರಬಲ್ಲವರೂ ಇಂಥ ಅಲ್ಪಸಂಕಟದಲ್ಲಿ ವಾರಗಟ್ಟಲೆ ತೊಳಲುವುದುಂಟು.

ಮನೆಯ ಒಂದು ಕೋಣೆಗೆ ಬಣ್ಣ ಹಚ್ಚುವ ಕೆಲಸವು ಈ ಜಾತಿಯದು. ಕೆಂಪು ಹಳದಿಗಳ ಕುಲಕ್ಕೆ ಸೇರಿದವನ್ನು, ಬೆಂಕಿ ಬಿಸಿಲುಗಳ ನೆನಪಿನಿಂದ, ಬೆಚ್ಚನೆಯ ಬಣ್ಣಗಳೆನ್ನುವ ವಾಡಿಕೆಯುಂಟು. ಕೋಣೆಗೆ ಅಂಥ ಬಣ್ಣವೇ ಆಗಬೇಕೆಂದು ಮನೆಯವರೆಲ್ಲರೂ ಒಪ್ಪಿರುತ್ತಾರೆ. ಆದರೆ ಅಂಥವೆರಡರಲ್ಲಿ ಯಾವುದು ಎಂಬಲ್ಲಿಗೆ ಬಂದು ಮಾತು ನಿಂತುಹೋಗುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ವಿಚಾರವೇಕೆಂದು ಕೇಳಬಹುದು. ದೊಡ್ಡ ವಿಷಯಗಳಲ್ಲಿ ಗುಣದೋಷಗಳ ಭಾರವೇ ಮನುಷ್ಯನನ್ನು ಒಂದು ಕಡೆಗೆ ಎಳೆದುಬಿಡುವುದರಿಂದ, ಆರಿಸುವವನ ಸ್ವಭಾವವು ಅಲ್ಲಿ ಪೂರ್ಣವಾಗಿ ಕಾಣಿಸುವುದಿಲ್ಲ. ವಸ್ತುಗಳ ತೂಕವು ಸಮವಾದಲ್ಲಿ ಮಾತ್ರ ತಕ್ಕಡಿಯ ಲೋಪವು ಗೊತ್ತಾಗುವುದು. ಈ ಪ್ರಶ್ನೆಯ ಬೆಲೆಯಿರುವುದು ಅಲ್ಲಿ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳೆಯ ಮನೆಗಳಲ್ಲಿ ಈ ಪ್ರಶ್ನೆಗೆ ಹುಟ್ಟಲು ಎಡೆಯಿರಲಿಲ್ಲ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿಯ ಸಾರಣೆ, ಹೊಸ್ತಿಲಿಗೂ ಗೋಡೆಯ ಬುಡಕ್ಕೂ ಕೆಮ್ಮಣ್ಣು: ಇಷ್ಟರಲ್ಲಿ ಮನೆಯ ವರ್ಣಶಾಸ್ತ್ರವು ಮುಗಿಯುತ್ತಿತ್ತು. ಶಹಾಬಾದು, ಚಿತ್ತಾಪುರ, ಸೇಡಂಗಳ ಸುತ್ತಲಿನ ಸುಣ್ಣಕಲ್ಲಿನಿಂದಾಗಿ ಜಿಲ್ಲೆಗೆ ಸುಣ್ಣದ ಬರವಿಲ್ಲ. ಎರೆಭೂಮಿಯ ಈ ನಾಡಿನಲ್ಲಿ ಕೆಂಪು ಮಣ್ಣು ಮಾತ್ರ ಎಲ್ಲ ಊರಿನ ಕಾಲಡಿಯಲ್ಲಿಯೂ ಸಿಕ್ಕುವ ವಸ್ತುವಲ್ಲ. ಆದುದರಿಂದ ಅದನ್ನು ಬೇಕಾದಲ್ಲಿಗೆ ಬೇಕಾದಷ್ಟೇ ಬಳಸುತ್ತಿದ್ದರು. ಹಬ್ಬ ಹತ್ತಿರವಾದಾಗ ಮನೆಯ ಹೆಂಗಸರು ಕೈಯಿಂದಲೇ ಈ ಮಣ್ಣನ್ನು ಕಲಸಿ, ಕೈಯಿಂದಲೇ ಬಳಿಯುತ್ತಿದ್ದರು. ನೀರು ಎಷ್ಟು, ಮಣ್ಣು ಎಷ್ಟು, ಎಷ್ಟು ಒಣಗಿದರೆ ಯಾವ ಬಣ್ಣ ಎಂಬುದು ಅವರ ಬೆರಳಿಗೆ ಗೊತ್ತಿದ್ದ ವಿದ್ಯೆಯಾಗಿತ್ತು.

ಇಂದು ಅಂಗಡಿಗೆ ಹೋದವರ ಮುಂದೆ ನೂರಾರು ಚೀಟಿಗಳ ಪುಸ್ತಕವೊಂದು ತೆರೆದುಕೊಳ್ಳುತ್ತದೆ. ಹಳದಿಗೆ ಒಂದು ಹಾಳೆಯಲ್ಲ, ಅನೇಕ ಹಾಳೆಗಳು. ಯಂತ್ರವು ಬಿಳಿಯ ಬಣ್ಣಕ್ಕೆ ತೊಟ್ಟು ತೊಟ್ಟಾಗಿ ಬೇರೆ ಬಣ್ಣವನ್ನು ಬೆರೆಸಿ, ಹೇಳಿದ ಛಾಯೆಯನ್ನು ಹೇಳಿದಂತೆ ಸಿದ್ಧಪಡಿಸುತ್ತದೆ. ಆಯ್ಕೆಯ ಈ ಸಮೃದ್ಧಿಯೊಂದಿಗೆ ಗಮನಕ್ಕೆ ಬಾರದ ಮತ್ತೊಂದು ಬದಲಾವಣೆಯೂ ಆಯಿತು. ಕೈಯಿಂದ ಬಳಿಯುತ್ತಿದ್ದವರಿಂದ ಬಣ್ಣದ ನಿರ್ಣಯವು ಹಣ ಕೊಡುವವರ ಕಡೆಗೆ ಸರಿಯಿತು. ಈ ಎರಡನೆಯ ಬದಲಾವಣೆಯನ್ನು ವಾಚಕರು ನೆನಪಿನಲ್ಲಿಡಬೇಕು. ವಿಚಾರವು ಕಡೆಗೆ ಅಲ್ಲಿಗೇ ಬರಬೇಕಾಗಿದೆ.

ಆಳಂದದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ದೀಪಾವಳಿ ಸಮೀಪಿಸಿದೆ. ಹೊಲಗಳಲ್ಲಿ ತೊಗರಿ ಹೂವಿಗೆ ಬಂದಿದೆ. ಪಡಸಾಲೆಯ ಪಕ್ಕದ ಕೋಣೆಗೆ ಬಣ್ಣ ಹಚ್ಚಬೇಕಾಗಿದೆ. ಅದು ಮನೆಯ ಹಿರಿಯ ತಾಯಿ ಹಗಲಿರುಳು ಇರುವ ಕೋಣೆ. ಮಗನಿಗೆ ತೊಗರಿಬೇಳೆಯ ತಿಳಿಹಳದಿ ಒಪ್ಪಿಗೆಯಾಗಿದೆ. ಸೊಸೆಗೆ ಗೋದಿಯ ಬಣ್ಣ, ಎಂದರೆ ಅದೇ ಹಳದಿಯು ತುಸು ಕೆಂಪಿನ ಕಡೆಗೆ ವಾಲಿದ ಬಣ್ಣ, ಚೆನ್ನಾಗಿ ಕಂಡಿದೆ. ಪೇಂಟರು ಗೋಡೆಯ ಮೇಲೆ ಎರಡನ್ನೂ ಒಂದೊಂದು ಹಸ್ತದಷ್ಟು ಹಚ್ಚಿ ಹೋಗಿದ್ದಾನೆ. ಬಂದು ಹೋಗುವ ನೆಂಟರು ತಲೆಗೊಂದು ಅಭಿಪ್ರಾಯ ಕೊಡುತ್ತಾರೆ. ತಾಯಿಯನ್ನು ಕೇಳಿದರೆ, “ಯಾವುದರೆ ಹಚ್ಚಪ್ಪ, ನನಗೇನದ” ಎನ್ನುತ್ತಾಳೆ. ಹೀಗೆಯೇ ಎರಡು ವಾರಗಳು ಕಳೆದಿವೆ. ಇಂಥ ಮನೆ ಎಲ್ಲಿಯಾದರೂ ಇರಬಹುದು. ಆಳಂದದಲ್ಲಿರುವಂತೆ ಅಫಜಲಪುರದಲ್ಲಿಯೂ ಇದ್ದೀತು, ಜೇವರ್ಗಿಯಲ್ಲಿಯೂ ಇದ್ದೀತು.

ಮೊದಲು ಕೇಳಬೇಕಾದ ಪ್ರಶ್ನೆ, ಈ ಎರಡು ಬಣ್ಣಗಳು ನಿಜವಾಗಿಯೂ ಎರಡೇ ಎಂಬುದು. ದ್ರವ್ಯದ ದೃಷ್ಟಿಯಿಂದ ನೋಡಿದರೆ ಇವು ಒಡಹುಟ್ಟಿದವು. ಹಳದಿ ಮಣ್ಣಿಗೆ ಬಣ್ಣ ಬರುವುದು ಅದರಲ್ಲಿರುವ ಕಬ್ಬಿಣದಿಂದ, ಕೆಮ್ಮಣ್ಣಿಗೂ ಕಬ್ಬಿಣದಿಂದಲೇ. ಹಳದಿ ಮಣ್ಣಿನ ಕಬ್ಬಿಣವು ನೀರಿನ ಅಂಶದೊಡನೆ ಕೂಡಿಕೊಂಡಿರುತ್ತದೆ. ಅದನ್ನು ಬೆಂಕಿಯಲ್ಲಿ ಸುಟ್ಟರೆ ನೀರಿನ ಅಂಶವು ಹೊರಟುಹೋಗಿ ಮಣ್ಣು ಕೆಂಪಾಗುತ್ತದೆ. ಇಂದಿನ ಗೋಡೆಬಣ್ಣಗಳಲ್ಲಿಯೂ ಹಳದಿ ಮತ್ತು ಕೆಂಪು ಐರನ್ ಆಕ್ಸೈಡುಗಳ ಬಳಕೆ ವಿಶೇಷವಾಗಿದೆ. ನಮ್ಮ ದೇಶದ ತಾರ್ಕಿಕರು ಈ ವಿಷಯವನ್ನು ಕುಂಬಾರನ ಆವಿಗೆಯಲ್ಲಿ ಕಂಡಿದ್ದರು. ಹಸಿಯ ಕಪ್ಪು ಮಡಕೆಯು ಬೆಂದು ಕೆಂಪಾಗುವುದನ್ನು ಅವರು ಪಾಕಜ ಗುಣವೆಂದು ಕರೆದರು. ಬದಲಾವಣೆಯು ಪರಮಾಣುಗಳಲ್ಲಿ ಆಗುವುದೆಂದು ವೈಶೇಷಿಕರೂ, ಇಡೀ ಮಡಕೆಯಲ್ಲಿಯೇ ಆಗುವುದೆಂದು ನೈಯಾಯಿಕರೂ ವಾದಿಸಿದರು. ಎರಡು ಪಕ್ಷಕ್ಕೂ ಒಪ್ಪಿಗೆಯಾಗಿದ್ದ ಮಾತೆಂದರೆ, ವರ್ಣಭೇದಕ್ಕೆ ಕಾರಣ ಬೆಂಕಿಯೆಂಬುದು. ಆ ಲೆಕ್ಕದಲ್ಲಿ ಬೇಳೆಯ ಹಳದಿಗೂ ಗೋದಿಯ ಬಣ್ಣಕ್ಕೂ ಇರುವ ಅಂತರವು ಮಣ್ಣು ಕಂಡ ಬೆಂಕಿಯ ಅಂತರವೇ ಸರಿ.

ಹೆಸರಿನ ದೃಷ್ಟಿಯಿಂದ ನೋಡಿದರೂ ಇವೆರಡು ಒಂದೇ. ಹದಿನೇಳನೆಯ ಶತಮಾನದಲ್ಲಿ ಅನ್ನಂಭಟ್ಟನು ಬಾಲಕರಿಗಾಗಿ ಬರೆದ ತರ್ಕಸಂಗ್ರಹದಲ್ಲಿ ರೂಪವು ಏಳು ವಿಧ: ಬಿಳುಪು, ನೀಲ, ಹಳದಿ, ಕೆಂಪು, ಹಸುರು, ಕಪಿಶ, ಚಿತ್ರ. ಮಗನ ಬಣ್ಣವೂ ಸೊಸೆಯ ಬಣ್ಣವೂ ಹಳದಿಯೆಂಬ ಒಂದೇ ಮನೆಯೊಳಗೆ ಸೇರಿಬಿಡುವುವು. ಆದರೆ ಚಿತ್ರ ಬರೆಯುವವರ ಶಾಸ್ತ್ರವು ಇಷ್ಟಕ್ಕೆ ತೃಪ್ತಿಪಡಲಿಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಮೂಲವರ್ಣಗಳನ್ನು ಐದೆಂದು ಎಣಿಸಿದ ಮೇಲೆ, ಅವುಗಳ ಮಿಶ್ರಣಗಳನ್ನು ಎಣಿಸಲಾಗದೆಂದೂ ಚಿತ್ರಕಾರನು ಅವನ್ನು ತನ್ನ ಬುದ್ಧಿಯಿಂದಲೇ ವಿಭಾಗಿಸಿಕೊಳ್ಳಬೇಕೆಂದೂ ಹೇಳುತ್ತದೆ. ಆಳಂದಕ್ಕೆ ಈಶಾನ್ಯದಲ್ಲಿರುವ ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು, ಚಿತ್ರಕ್ಕಾಗಿ ಗೋಡೆಯನ್ನು ಹದಮಾಡುವ ಬಗೆಯನ್ನೂ, ಎಮ್ಮೆಯ ತೊಗಲಿನಿಂದ ವಜ್ರಲೇಪವನ್ನು ಕಾಯಿಸುವ ಕ್ರಮವನ್ನೂ, ಶುದ್ಧ ಮತ್ತು ಮಿಶ್ರವರ್ಣಗಳ ಭೇದವನ್ನೂ ವಿವರಿಸುತ್ತದೆ. 1126ರಿಂದ 1138ರ ವರೆಗೆ ಆಳಿದ ಆ ಅರಸನಿಗೆ ರಾಜಕಾರ್ಯದ ನಡುವೆಯೂ ಕೆಂಪಿಗೂ ಕೆಂಪಿಗೂ ಇರುವ ಅಂತರವು ಬರೆದಿಡತಕ್ಕ ಸಂಗತಿಯಾಗಿ ತೋರಿತು. ಹೆಸರು ಕಡಮೆ, ವರ್ಣ ಹೆಚ್ಚು. ಹೆಸರಿಲ್ಲದ ಮಾತ್ರಕ್ಕೆ ಭೇದವಿಲ್ಲವೆಂದು ಹೇಳಲಾಗದು.

‘ಎರಡೂ ಒಂದೇ’ ಎಂದು ಕೈತೊಳೆದುಕೊಳ್ಳುವುದರಲ್ಲಿ ಮತ್ತೊಂದು ಅಪಾಯವುಂಟು. ಅಂಗಡಿಯ ಪುಸ್ತಕದ ಒಂದು ಚೀಟಿಗೂ ಅದರ ಮುಂದಿನ ಚೀಟಿಗೂ ಭೇದ ಕಾಣದಿರಬಹುದು; ಎರಡನೆಯದಕ್ಕೂ ಮೂರನೆಯದಕ್ಕೂ ಕಾಣದಿರಬಹುದು. ಹೀಗೆಯೇ ‘ಭೇದವಿಲ್ಲ, ಭೇದವಿಲ್ಲ’ ಎನ್ನುತ್ತ ಹೋದವನು ತಿಳಿಹಳದಿಯಿಂದ ಹೊರಟು ಕಡುಗೆಂಪಿಗೆ ಬಂದು ನಿಲ್ಲುವನು. ಹೆಜ್ಜೆಗಳೆಲ್ಲವೂ ಅಲ್ಪ, ಪ್ರಯಾಣವೋ ದೀರ್ಘ. ಮನೆಯ ಖರ್ಚಿನಲ್ಲಿಯೂ, ನಡತೆಯ ಸಡಿಲಿಕೆಯಲ್ಲಿಯೂ ಮನುಷ್ಯರು ದಾರಿ ತಪ್ಪುವುದು ಹೆಚ್ಚಾಗಿ ಈ ಬಗೆಯಲ್ಲಿಯೇ. ಹಾಗೆಂದು ಪ್ರತಿಯೊಂದು ಭೇದವನ್ನೂ ಪ್ರಾಣಸಂಕಟವಾಗಿ ಮಾಡಿಕೊಳ್ಳುವುದೂ ಸರಿಯಲ್ಲ. ಭೇದವು ಇದೆಯೆಂದು ಒಪ್ಪಿ, ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ತಿಳಿಯುವುದೇ ವಿವೇಕ.

ಬೆಲೆ ತಿಳಿಯಬೇಕಾದರೆ ನೋಡುವ ಕ್ರಮ ಗೊತ್ತಿರಬೇಕು. ಬಣ್ಣವು ಒಂಟಿಯಾಗಿ ಬಾಳುವ ವಸ್ತುವಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞನಾದ ಶೆವ್ರಲನು 1824ರಲ್ಲಿ ಪ್ಯಾರಿಸಿನ ಗೊಬೆಲಿನ್ ನೇಯ್ಗೆಶಾಲೆಯ ಬಣ್ಣಗಾರಿಕೆಗೆ ಮೇಲಧಿಕಾರಿಯಾದನು. ಅಲ್ಲಿಯ ಕಪ್ಪು ನೂಲು ಮಂಕಾಗಿ ಕಾಣುತ್ತದೆಂಬ ದೂರನ್ನು ವಿಚಾರಿಸುತ್ತ ಹೋದಾಗ, ದೋಷವು ಬಣ್ಣ ಕಟ್ಟುವುದರಲ್ಲಿ ಇಲ್ಲ, ಆ ನೂಲಿನ ಪಕ್ಕದಲ್ಲಿ ನೇಯ್ದ ಬೇರೆ ಬಣ್ಣಗಳಲ್ಲಿದೆ ಎಂಬುದು ಅವನಿಗೆ ತಿಳಿಯಿತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ತಮ್ಮಿಂದ ದೂರಕ್ಕೆ ತಳ್ಳಿ ತೋರಿಸುವುವೆಂಬ ಈ ನಿಯಮವನ್ನು ಅವನು 1839ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದನು. ಈ ನಿಯಮಕ್ಕೆ ಪ್ಯಾರಿಸಿಗೆ ಹೋಗಬೇಕಾಗಿಲ್ಲ. ನೀಲಿ ಮಿಶ್ರವಾದ ಬೂದುಬಣ್ಣದ ಶಹಾಬಾದು ಕಲ್ಲಿನ ನೆಲವಿರುವ ಕೋಣೆಯಲ್ಲಿ ಹೊಂಬಣ್ಣದ ಗೋಡೆಯು ತನಗಿರುವುದಕ್ಕಿಂತ ಹೆಚ್ಚು ಹೊಳಪಾಗಿ ತೋರುವುದು. ಅದೇ ಗೋಡೆಯ ಅಡಿಯಲ್ಲಿ ಕೆಂಪು ನೆಲವಿದ್ದರೆ ಹಳದಿಯು ತುಸು ಹಸುರಿನ ಕಡೆಗೆ ಸರಿದಂತೆ ಕಾಣುವುದು. ಅಂಗಡಿಯಲ್ಲಿ ಗೆದ್ದ ಚೀಟಿಯು ಮನೆಯಲ್ಲಿ ಸೋಲುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣವೆಂದರೆ, ನಾಲ್ಕು ಗೋಡೆಗಳು ತಮ್ಮ ಬೆಳಕನ್ನು ಒಂದರ ಮೇಲೊಂದು ಚೆಲ್ಲುವುದರಿಂದ ಬೆರಳಗಲದ ಚೀಟಿಯಲ್ಲಿ ತಿಳಿಯಾಗಿದ್ದ ಬಣ್ಣವು ಕೋಣೆಯಲ್ಲಿ ಗಾಢವಾಗುವುದು.

ಹೊತ್ತಿನ ಪ್ರಭಾವವೂ ಕಡಮೆಯದಲ್ಲ. ಸಂಜೆಯ ಮಬ್ಬಿನಲ್ಲಿ ನೀಲಿ ಬಣ್ಣಗಳಿಗಿಂತ ಮೊದಲು ಕೆಂಪು ಬಣ್ಣಗಳು ಕಪ್ಪಾಗುವುದನ್ನು ಬೊಹೀಮಿಯದ ವಿದ್ವಾಂಸನಾದ ಪುರ್ಕಿನ್ಯೆ 1825ರಲ್ಲಿ ವರ್ಣಿಸಿದನು. ಕೆಂಪಿನ ಕಡೆಗೆ ವಾಲಿದ ಗೋದಿಯ ಬಣ್ಣವು ದೀಪ ಹಚ್ಚುವುದಕ್ಕೆ ಮುಂಚಿನ ಆ ಅರ್ಧ ಗಳಿಗೆಯಲ್ಲಿ ಬೇಳೆಯ ಹಳದಿಗಿಂತ ಬೇಗನೆ ಮಂಕಾಗುವುದು ಸಹಜ. ಹಳದಿ ಬೆಳಕಿನ ಬಲ್ಬಿನ ಕೆಳಗೆ ಎರಡೂ ತಮ್ಮ ಭೇದವನ್ನು ಬಹುಮಟ್ಟಿಗೆ ಮರೆಯುವುವು. ಎಲ್‌ಇಡಿಯ ಬಿಳಿಯ ಬೆಳಕಿನಲ್ಲಿ ಮತ್ತೆ ಬೇರೆಬೇರೆಯಾಗುವುವು. ಬೇಸಗೆಯಲ್ಲಿ ಉಷ್ಣವು 40 ಡಿಗ್ರಿಯನ್ನು ದಾಟುವ ಈ ಸೀಮೆಯಲ್ಲಿ ಹಳೆಯ ಮನೆಗಳ ಗೋಡೆ ದಪ್ಪ, ಕಿಟಕಿ ಸಣ್ಣದು. ಬೆಳಕು ಬರುವುದು ಬಾಗಿಲಿನಿಂದ, ಇಲ್ಲವೆ ಮಾಳಿಗೆಯ ಬೆಳಕಿಂಡಿಯಿಂದ. ಅಂಥ ಕೋಣೆಗೆ ಬಯಲಿನಲ್ಲಿ ನಿಂತು ಬಣ್ಣ ಗೊತ್ತುಮಾಡುವುದೆಂದರೆ ಒಬ್ಬನ ಅಳತೆ ತೆಗೆದು ಇನ್ನೊಬ್ಬನಿಗೆ ಅಂಗಿ ಹೊಲಿದಂತೆ.

ಹೀಗಿರಲಾಗಿ ಯುಕ್ತವಾದ ಕ್ರಮವು ಸ್ಪಷ್ಟವಾಗಿದೆ. ಅದೇ ಕೋಣೆಯ ಗೋಡೆಯ ಮೇಲೆ ಎರಡನ್ನೂ ಒಂದೆರಡು ಮೊಳದಷ್ಟು ಅಗಲವಾಗಿ ಹಚ್ಚಬೇಕು. ಪೂರ್ಣವಾಗಿ ಒಣಗುವ ವರೆಗೆ ಕಾಯಬೇಕು. ಸುಣ್ಣದಲ್ಲಿ ಕಲಸಿದ ಬಣ್ಣವು ಹಸಿಯಿದ್ದಾಗ ಗಾಢವಾಗಿಯೂ ಒಣಗಿದ ಮೇಲೆ ತಿಳಿಯಾಗಿಯೂ ಇರುವುದೆಂದು ಸುಣ್ಣ ಬಳಿದವರೆಲ್ಲರೂ ಬಲ್ಲರು. ಹಸಿಯಿದ್ದಾಗ ತೀರ್ಪು ಕೊಟ್ಟವನು ಇಲ್ಲದ ಬಣ್ಣದ ಮೇಲೆ ತೀರ್ಪು ಕೊಟ್ಟಂತೆ. ಬಳಿಕ ಮುಂಜಾನೆ, ಮಧ್ಯಾಹ್ನ, ದೀಪದ ಹೊತ್ತು ಈ ಮೂರು ಕಾಲಗಳಲ್ಲಿ ನೋಡಬೇಕು. ಇಷ್ಟು ಮಾಡಿದ ಮೇಲೆ ಅನೇಕ ಸಂದರ್ಭಗಳಲ್ಲಿ ನಿರ್ಣಯವು ತಾನಾಗಿ ದೊರೆಯುವುದು. ಎರಡು ದಿನಗಳಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಮಾಡದೆ ಎರಡು ವಾರ ಚರ್ಚಿಸುವುದಕ್ಕೆ ಆಲೋಚನೆಯೆಂಬ ಹೆಸರು ಸಲ್ಲದು.

ಇಷ್ಟಾದ ಮೇಲೆಯೂ ಎರಡು ಸಮವಾಗಿಯೇ ಉಳಿದರೆ? ತತ್ತ್ವಜ್ಞರನ್ನು ಕಾಡಿದ ಪ್ರಶ್ನೆಯಿದು. ಸಮಾನ ದೂರದಲ್ಲಿ ಸಮಾನವಾದ ಎರಡು ಹುಲ್ಲಿನ ರಾಶಿಗಳ ನಡುವೆ ನಿಂತ ಕತ್ತೆಯೊಂದು ಯಾವುದನ್ನೂ ಆರಿಸಲಾರದೆ ಹಸಿದು ಸತ್ತಿತೆಂಬ ದೃಷ್ಟಾಂತವು ಯುರೋಪಿನಲ್ಲಿ ಪ್ರಸಿದ್ಧವಾಗಿದೆ. ಅದು ಹದಿನಾಲ್ಕನೆಯ ಶತಮಾನದ ಬುರಿಡಾನನ ಹೆಸರಿನಲ್ಲಿ ಪ್ರಚಾರದಲ್ಲಿದ್ದರೂ ಅವನ ಗ್ರಂಥಗಳಲ್ಲಿ ಆ ಕತ್ತೆಯಿಲ್ಲ. ಅವನಿಗಿಂತ ಮುಂಚೆ, 1111ರಲ್ಲಿ ತೀರಿಕೊಂಡ ಇಸ್ಲಾಮಿನ ಮಹಾಪಂಡಿತ ಅಲ್ ಗಜಾಲಿಯು ಇದನ್ನೇ ಹೆಚ್ಚು ಸೊಗಸಾದ ರೀತಿಯಲ್ಲಿ ಎತ್ತಿದ್ದನು. ಒಬ್ಬನ ಮುಂದೆ ಎಲ್ಲ ವಿಧದಲ್ಲಿಯೂ ಸಮಾನವಾದ ಎರಡು ಖರ್ಜೂರಗಳಿವೆ, ತಿನ್ನಬೇಕೆಂಬ ಆಸೆಯಿದೆ, ಆದರೆ ತೆಗೆದುಕೊಳ್ಳಬಹುದಾದುದು ಒಂದೇ. ಅವನು ಕೈಚಾಚಿ ಒಂದನ್ನು ತೆಗೆದುಕೊಂಡೇ ತೆಗೆದುಕೊಳ್ಳುವನು ಎನ್ನುತ್ತಾನೆ ಗಜಾಲಿ. ಒಂದನ್ನು ಅದರ ಸಮಾನವಾದುದರಿಂದ ಬೇರ್ಪಡಿಸುವುದೇ ಇಚ್ಛಾಶಕ್ತಿಯ ಸ್ವಭಾವವೆಂಬುದು ಅವನ ಅಭಿಪ್ರಾಯ.

ಜರ್ಮನಿಯ ಲೈಬ್ನಿಟ್ಸನು ಇದನ್ನು ಒಪ್ಪುವವನಲ್ಲ. ಲೋಕದಲ್ಲಿ ಸರ್ವಸಮವಾದ ಎರಡು ವಸ್ತುಗಳೇ ಇಲ್ಲವೆಂಬುದು ಅವನ ಮತ. ಹೆರೆನ್‌ಹೌಸನ್ನಿನ ಉದ್ಯಾನದಲ್ಲಿ ರಾಜಪತ್ನಿ ಸೋಫಿಯಳ ಎದುರಿಗೆ ಈ ಮಾತು ಬಂದಾಗ, ಸಭ್ಯಗೃಹಸ್ಥನೊಬ್ಬನು ಒಂದೇ ತೆರನಾದ ಎರಡು ಎಲೆಗಳನ್ನು ಹುಡುಕಿ ತರುವೆನೆಂದು ಹೊರಟು, ಬಹಳ ಹೊತ್ತು ಅಲೆದು, ಬರಿಗೈಯಿಂದ ಬಂದನಂತೆ. ಇಬ್ಬರಲ್ಲಿ ಯಾರು ಸರಿಯೆಂಬ ವಾದವನ್ನು ತತ್ತ್ವಜ್ಞರಿಗೆ ಬಿಡಬಹುದು. ಗೃಹಸ್ಥನಿಗೆ ಇಬ್ಬರೂ ಬೇಕು. ಭೇದವಿದೆ, ಇನ್ನೂ ನೋಡು ಎನ್ನುತ್ತಾನೆ ಲೈಬ್ನಿಟ್ಸ್. ನೋಡಿದ್ದು ಸಾಕು, ಕೈಚಾಚು ಎನ್ನುತ್ತಾನೆ ಗಜಾಲಿ. ಮೊದಲನೆಯವನ ಮಾತನ್ನು ಎಲ್ಲಿಯ ವರೆಗೆ ಕೇಳಬೇಕು, ಎರಡನೆಯವನ ಮಾತಿಗೆ ಯಾವಾಗ ಕಿವಿಗೊಡಬೇಕು ಎಂಬುದನ್ನು ತಿಳಿಯುವುದರಲ್ಲಿಯೇ ಕಷ್ಟವಿರುವುದು.

ಆ ಗಡಿಯನ್ನು ಬಣ್ಣವು ಗೊತ್ತುಮಾಡುವುದಿಲ್ಲ, ಕಾಯುವವರು ಗೊತ್ತುಮಾಡುವರು. ಮನೆಯವರು ಎರಡು ವಾರ ಆಲೋಚಿಸುತ್ತ ಕುಳಿತಾಗ ಅದರ ವೆಚ್ಚವು ಯಾರ ಮೇಲೆ ಬೀಳುವುದು? ಬಣ್ಣ ಹಚ್ಚುವವನು ದಿನಗೂಲಿಯವನು. ಹಬ್ಬದ ಮುಂಚಿನ ಕೆಲವು ವಾರಗಳು ಅವನಿಗೆ ಸುಗ್ಗಿ. ‘ನಾಳೆ ಹೇಳುತ್ತೇವೆ’ ಎಂದು ಅವನನ್ನು ಕಳಿಸಿದ ದಿನ ಅವನು ಬೇರೆಯ ಮನೆಯನ್ನು ಒಪ್ಪಿಕೊಳ್ಳಲಾರನು. ಈ ಮನೆಯ ಕೂಲಿಯೂ ಅವನಿಗಿಲ್ಲ. ಮನೆಯವರ ಸೂಕ್ಷ್ಮ ರುಚಿಗೆ ಅವನ ಒಲೆಯು ಬೆಲೆ ತೆರುವುದು. ಅತ್ತ ಕೋಣೆಯ ಸಾಮಾನುಗಳೆಲ್ಲವೂ ಪಡಸಾಲೆಯಲ್ಲಿ ಬಿದ್ದಿವೆ. ತಾಯಿಯ ಹಾಸಿಗೆಯು ಓಡಾಡುವವರ ಕಾಲಡಿಗೆ ಬಂದಿದೆ. ವಿಳಂಬವು ತನಗೆ ಮಾತ್ರ ಕಷ್ಟ ಕೊಡುವುದಾದರೆ ಅದು ರುಚಿಯ ವಿಷಯ. ಪರರಿಗೆ ಕೊಡುವುದಾದರೆ ಧರ್ಮದ ವಿಷಯ. ತಾನು ಇನ್ನೂ ಯೋಚಿಸುತ್ತಿದ್ದೇನೆಂಬ ಸಮಾಧಾನವು ಎಷ್ಟೋ ವೇಳೆ ಪರರ ಖರ್ಚಿನಲ್ಲಿ ಕೊಂಡ ಸಮಾಧಾನವಾಗಿರುತ್ತದೆ.

ಕೈಚಾಚಬೇಕೆಂಬುದು ನಿಶ್ಚಯವಾದ ಮೇಲೆ, ಚಾಚತಕ್ಕ ಕೈ ಯಾರದು? ಗಜಾಲಿಯ ದೃಷ್ಟಾಂತದಲ್ಲಿ ಒಬ್ಬನೇ ಇದ್ದನು, ಮನೆಯಲ್ಲಿ ಮೂವರಿದ್ದಾರೆ. ಹಣ ಕೊಡುವವನದೇ ನಿರ್ಣಯವೆಂದು ಒಂದು ಪಕ್ಷ. ರುಚಿ ಬಲ್ಲವರದೆಂದು ಇನ್ನೊಂದು ಪಕ್ಷ. ಆದರೆ ಕೋಣೆಯೆಂಬುದು ನೋಡಿ ಹೋಗುವ ಚಿತ್ರವಲ್ಲ, ಇರುವ ಜಾಗ. ಮಗನು ಅಲ್ಲಿ ದಿನಕ್ಕೆ ಅರ್ಧ ಗಂಟೆ ಕುಳಿತಾನು. ಸೊಸೆ ಹತ್ತು ಸಲ ಬಂದು ಹೋದಾಳು. ತಾಯಿಯು ಮಾತ್ರ ಮಲಗಿದರೂ ಎದ್ದರೂ ಆ ಗೋಡೆಯನ್ನೇ ನೋಡುವಳು. ಹೆಚ್ಚು ಹೊತ್ತು ಇರುವವರಿಗೆ ಹೆಚ್ಚು ಮಾತು ಎಂಬ ನ್ಯಾಯವು ಇಲ್ಲಿ ಯಾರಿಗೂ ಅಸಮ್ಮತವಾಗದು.

ಆದರೆ ತಾಯಿಯು ಯಾವುದಾದರೂ ಆದೀತೆಂದು ಹೇಳಿಬಿಟ್ಟಿದ್ದಾಳಲ್ಲ! ಆ ಮಾತಿನ ಅರ್ಥವನ್ನು ಮೂರು ಬಗೆಯಾಗಿ ಮಾಡಬಹುದು. ಮಗ ಸೊಸೆಯರ ನಡುವೆ ತಾನು ಬರಬಾರದೆಂಬ ಸೌಜನ್ಯವಿರಬಹುದು. ಕೇಳಿದರೂ ನಡೆಯುವುದು ಅವರದೇ ಎಂದು ಬಹುಕಾಲದಿಂದ ಕಂಡುಕೊಂಡವಳ ಶರಣಾಗತಿ ಇರಬಹುದು. ಅಥವಾ ಅದು ಅಕ್ಷರಶಃ ಸತ್ಯವಿರಬಹುದು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರವು ಹಳದಿಗಟ್ಟುತ್ತ ಬಂದು ನೀಲಿ ಬೆಳಕನ್ನು ತಡೆಯುತ್ತದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಆಗ ತಿಳಿಹಳದಿಗೂ ಬಿಳುಪಿಗೂ, ಒಂದು ಹಳದಿಗೂ ಇನ್ನೊಂದು ಹಳದಿಗೂ ಇರುವ ಸೂಕ್ಷ್ಮಭೇದಗಳು ಅಳಿಸುತ್ತ ಹೋಗುವುವು. ಮಗ ಸೊಸೆಯರು ಎರಡು ವಾರ ಜಗಳವಾಡಿದ ಅಂತರವು, ಆ ಕೋಣೆಯಲ್ಲಿ ಇರಬೇಕಾದವಳ ಕಣ್ಣಿಗೆ ಇಲ್ಲವೇ ಇಲ್ಲವೆಂದು ಆಗಬಹುದು.

ಇಲ್ಲಿ ವಿಚಾರವು ತಿರುಗುತ್ತದೆ. ತಾಯಿಗೆ ಭೇದ ಕಾಣದೆಂದರೆ ಅವಳಿಗೆ ಅದರಲ್ಲಿ ಹಿತಾಹಿತವಿಲ್ಲವೆಂದು ಅರ್ಥವಲ್ಲ. ಬಣ್ಣದ ಜಾತಿ ಕಾಣದ ಕಣ್ಣಿಗೂ ಬೆಳಕಿನ ಹೆಚ್ಚು ಕಡಮೆ ಕಾಣುತ್ತದೆ. ಮುದಿಗಣ್ಣಿಗಂತೂ ಬೆಳಕು ಎಳೆಯ ಕಣ್ಣಿಗಿಂತ ಹೆಚ್ಚಾಗಿ ಬೇಕು. ಕೋಣೆಗೆ ಬಂದ ಅಲ್ಪ ಬೆಳಕನ್ನು ಯಾವ ಗೋಡೆಯು ಹೆಚ್ಚಾಗಿ ಹಿಂದಿರುಗಿಸುವುದು? ಸಂಜೆ ಎದ್ದು ನಡೆಯುವಾಗ ಬಾಗಿಲ ಚೌಕಟ್ಟು ಯಾವ ಗೋಡೆಯ ಎದುರಿಗೆ ಸ್ಪಷ್ಟವಾಗಿ ಕಾಣುವುದು? ಗೋಡೆ ಎಲ್ಲಿ ಮುಗಿದು ನೆಲ ಎಲ್ಲಿ ಮೊದಲಾಯಿತೆಂದು ಯಾವುದರಲ್ಲಿ ತಿಳಿಯುವುದು? ‘ಯಾವ ಬಣ್ಣ ಬೇಕು’ ಎಂದು ಕೇಳಿದ್ದಕ್ಕೆ ಉತ್ತರವಿಲ್ಲದವಳಿಗೆ ‘ಎಲ್ಲಿ ನಿನಗೆ ಚೆನ್ನಾಗಿ ಕಾಣುತ್ತದೆ’ ಎಂದು ಕೇಳಿದರೆ ಉತ್ತರವಿರುತ್ತದೆ. ಅವಳನ್ನು ಸಂಜೆಯ ಹೊತ್ತಿನಲ್ಲಿ ಕೋಣೆಗೆ ಕರೆತಂದು ಎರಡು ಪಟ್ಟಿಗಳ ಮುಂದೆ ಕೂರಿಸಬೇಕು. ಅವಳು ತೋರಿಸಿದ ಪಟ್ಟಿಯು ಮಗನದಾಗಿರಬಹುದು, ಸೊಸೆಯದಾಗಿರಬಹುದು. ಮೂರನೆಯದೊಂದು ಬೇಕೆಂದೂ ತಿಳಿದುಬರಬಹುದು. ಕೆಮ್ಮಣ್ಣನ್ನು ಕಲಸಿ ಬಳಿದ ಕೈ ಅವಳದು. ಒಂದು ಕಾಲಕ್ಕೆ ಈ ಮನೆಯ ಬಣ್ಣಗಳನ್ನೆಲ್ಲ ತಾನೇ ನಿರ್ಣ‌ಯಿಸಿದವಳನ್ನು ಕಡೆಗಾಲದಲ್ಲಿ ಉಪಚಾರಕ್ಕಾಗಿ ಮಾತ್ರ ಕೇಳುವುದು ಕೇಳದಿರುವುದಕ್ಕಿಂತ ಉತ್ತಮವೇನಲ್ಲ.

ಹೀಗೆ ಕೇಳಲು ಸ್ವಲ್ಪ ಅಭಿಮಾನತ್ಯಾಗ ಬೇಕು. ಭೇದವು ದೊಡ್ಡದಾದಾಗ ಮನುಷ್ಯನು ತನ್ನ ಪಕ್ಷವನ್ನು ಕಾರಣಗಳಿಂದ ಸಮರ್ಥಿಸುವನು. ಭೇದವು ಸಣ್ಣದಾದಾಗ ಕಾರಣಗಳು ಸಾಲದೆ ಆ ಸ್ಥಳವನ್ನು ಅಭಿಮಾನವು ತುಂಬುವುದು. ಸಮೀಪದವರ ಕಲಹವು ದೂರದವರ ಕಲಹಕ್ಕಿಂತ ಕಹಿಯಾಗಿರುವುದು ಇದರಿಂದಲೇ. ಇದೇ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ ಅಲ್ಲಿಯ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಪರರ ವಿಚಾರವನ್ನು ಸೈರಿಸಬಲ್ಲ ಶಕ್ತಿಯನ್ನೇ ಸಂಪತ್ತೆಂದು ಎಣಿಸಿತು. ಪರರ ಮತವನ್ನು ಸೈರಿಸುವೆವೆಂದು ಸಭೆಯಲ್ಲಿ ಹೇಳುವುದು ಸುಲಭ. ಪಕ್ಕದಲ್ಲಿರುವವರ ತುಸು ಬೇರೆಯಾದ ಹಳದಿಯನ್ನು ಸೈರಿಸುವುದು ಕಷ್ಟ. ಆ ಸಂಪತ್ತು ಮನೆಯಲ್ಲಿ ಇದೆಯೋ ಇಲ್ಲವೋ ಎಂಬುದು ಇಂಥ ದಿನಗಳಲ್ಲಿ ತಿಳಿಯುವುದು.

ಬಣ್ಣವು ಗೋಡೆಗೆ ಬಿದ್ದ ಮೇಲೆ ಇನ್ನೊಂದು ಕರ್ತವ್ಯವು ಉಳಿಯುತ್ತದೆ. ಹಚ್ಚಿದ ಬಣ್ಣಕ್ಕೆ ದೀಪದ ಹೊಗೆ ತಗಲುವುದು, ಮಕ್ಕಳ ಕೈಗುರುತು ಬೀಳುವುದು, ಮಳೆಗಾಲದ ತೇವ ಏರುವುದು. ಹಚ್ಚದೆ ಬಿಟ್ಟ ಬಣ್ಣವು ಮಾತ್ರ ಎಂದಿಗೂ ಕೊಳೆಯಾಗದೆ, ಮನಸ್ಸಿನಲ್ಲಿ ಮೊದಲ ದಿನದ ಹೊಳಪಿನಿಂದಲೇ ಇರುವುದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯು ಇದಕ್ಕೂ ಸಲ್ಲುತ್ತದೆ. ‘ಅದನ್ನೇ ಹಚ್ಚಿದ್ದರೆ ಚೆನ್ನಾಗಿತ್ತು’ ಎನ್ನುವವನು ಬಾಳಿದ ಗೋಡೆಯನ್ನು ಬಾಳದ ಗೋಡೆಯೊಡನೆ ಹೋಲಿಸುತ್ತಾನೆ. ಆ ಹೋಲಿಕೆಯಲ್ಲಿ ನ್ಯಾಯವಿಲ್ಲ. ಸಮವಾದ ಎರಡರಲ್ಲಿ ಒಂದನ್ನು ಆಯ್ದಾಗ ಸರಿಯಾದುದು ಅದೇ ಎಂಬುದಕ್ಕೆ ಆಯುವ ಮುಂಚೆ ಪ್ರಮಾಣವಿರಲಿಲ್ಲ; ಆಯ್ದ ಮೇಲೆ ಅಲ್ಲಿ ವಾಸಿಸುವವರು ಅದನ್ನು ಸರಿಯಾಗಿ ಮಾಡಬೇಕು. ಗೆದ್ದವರು ಗೆದ್ದುದನ್ನು ಎತ್ತಿ ಆಡಬಾರದು. ಬಿಟ್ಟುಕೊಟ್ಟವರು ಬಿಟ್ಟುಕೊಟ್ಟುದನ್ನು ಸಾಲದ ಪತ್ರದಂತೆ ಕಾದಿಡಬಾರದು.

ಬಣ್ಣಕ್ಕೆ ಸ್ವತಃ ಪುಣ್ಯಪಾಪಗಳಿಲ್ಲ. ಆಳಂದದ ಕಡೆಯಿಂದ ಬರುವ ಅಮರ್ಜೆಯು ಭೀಮೆಯನ್ನು ಕೂಡುವ ಗಾಣಗಾಪುರದಲ್ಲಿ, ಸಂನ್ಯಾಸಿಗಳ ಕಾಷಾಯವನ್ನು ಕಂಡವರು ಬಲ್ಲರು: ಪರಂಪರೆಯಲ್ಲಿ ಆ ವಸ್ತ್ರಕ್ಕೆ ಬಣ್ಣ ಕೊಟ್ಟುದು ಕಾವಿಮಣ್ಣು, ಗೃಹಿಣಿಯು ಹೊಸ್ತಿಲಿಗೆ ಬಳಿದುದೂ ಅದೇ ಕುಲದ ಮಣ್ಣು. ಒಂದೇ ಮಣ್ಣು ಮನೆಯನ್ನು ಬಿಟ್ಟವನ ಮೈಮೇಲೆಯೂ ಇರುತ್ತದೆ, ಮನೆಯನ್ನು ಕಟ್ಟಿಕೊಂಡವಳ ಬಾಗಿಲಲ್ಲಿಯೂ ಇರುತ್ತದೆ. ಅದಕ್ಕೆ ಅರ್ಥ ಬಂದುದು ಅದನ್ನು ಧರಿಸಿ ನಡೆದವರಿಂದ. ಬೇಳೆಯ ಹಳದಿಗಾಗಲಿ ಗೋದಿಯ ಬಣ್ಣಕ್ಕಾಗಲಿ ಆರಿಸದೆ ಬಿಟ್ಟರೆ ಅನ್ಯಾಯವಾಗುವ ಸಂಭವವಿಲ್ಲ. ಅನ್ಯಾಯವಾಗಬಹುದಾದುದು ಕೂಲಿಯಿಲ್ಲದೆ ಹಿಂದಿರುಗಿದವನಿಗೆ, ಕೇಳಿಯೂ ಕೇಳದಂತೆ ಬಿಟ್ಟವಳಿಗೆ. ಅವರಿಬ್ಬರಿಗೂ ಸಲ್ಲತಕ್ಕುದನ್ನು ಸಲ್ಲಿಸಿದ ಮನೆಯಲ್ಲಿ ಯಾವ ಬಣ್ಣ ಹಚ್ಚಿದರೂ ಅದು ಬೆಚ್ಚನೆಯ ಬಣ್ಣವೇ.